ಟವಲಿನ ಕೆಳಗೆ ಒಂದು ಕೋಣೆ

ಜೈಬುನ್ನೀಸಾಳ ಇಪ್ಪತ್ತಮೂರು ವರ್ಷದ ಬದುಕಿನಲ್ಲಿ, ಪಕ್ಕದಲ್ಲಿ ಯಾರೂ ಮಲಗಿರದ ರಾತ್ರಿ ಒಂದೂ ಇರಲಿಲ್ಲ. ಮಾನ್ವಿಯ ಮನೆಯಲ್ಲಿ ಈ ಪಕ್ಕಕ್ಕೆ ಅಪ್ಪನ ತಾಯಿ ದಾದಿ, ಆ ಪಕ್ಕಕ್ಕೆ ಅಮ್ಮ. ಗುಲ್ಬರ್ಗದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುವಾಗ, ಮೂವರಿಗೆಂದು ಕಟ್ಟಿಸಿದ ಹಾಸ್ಟೆಲ್ ಕೋಣೆಯಲ್ಲಿ ಐವರು. ಈಗ ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಅಮ್ಮನ ತಂಗಿ ಹಸೀನಾ ಖಾಲಾನ ಮನೆಯಲ್ಲಿದ್ದಾಳೆ. ಅಲ್ಲಿ ಖಾಲಾನ ಹೆಣ್ಣುಮಕ್ಕಳು ಒಂದೇ ಚಾಪೆಯ ಸಾಲಿನಲ್ಲಿ ಎಷ್ಟು ಒತ್ತಾಗಿ ಮಲಗುತ್ತಾರೆಂದರೆ, ಒಬ್ಬಳು ಮಗ್ಗುಲು ಬದಲಿಸಿದರೆ ಉಳಿದವರೆಲ್ಲ ನಿದ್ದೆಗಣ್ಣಲ್ಲೇ ಬದಲಿಸಬೇಕು. ಎಚ್ಚರವಾದವಳಿಗೆ ತನ್ನ ಕೈ ಯಾವುದು ಎಂದು ಹುಡುಕಲು ಸ್ವಲ್ಪ ಹೊತ್ತು ಬೇಕು.

ಇಂಥ ಜೈಬುನ್ನೀಸಾಳಿಗೆ ಎಂಬತ್ತಮೂರನೇ ಇಸವಿಯ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಲೀಡ್ಸ್ ಎಂಬ ಊರಿನಿಂದ ಒಂದು ಲಕೋಟೆ ಬಂತು. ದನಕರುಗಳ ಆಹಾರದ ಬಗ್ಗೆ ಒಂದು ವರ್ಷ ಓದಲು ಅವಳಿಗೆ ವಿದ್ಯಾರ್ಥಿವೇತನ ಸಿಕ್ಕಿರುವುದು ಬೇಸಿಗೆಯಲ್ಲೇ ಗೊತ್ತಾಗಿತ್ತು. ಎತ್ತಿನ ದಲ್ಲಾಲಿ ಅಲ್ಲಾಬಕ್ಷನ ಮಗಳು ಎತ್ತಿಗೆ ಏನು ತಿನ್ನಿಸಬೇಕೆಂದು ಕಲಿಯಲು ವಿಲಾಯತಿಗೆ ಹೋಗುತ್ತಾಳಂತೆ ಎಂದು ಮಾನ್ವಿಯ ಜನ ಮೊದಲು ನಕ್ಕು, ಆಮೇಲೆ ಹೆಮ್ಮೆಪಟ್ಟು, ಈಗ ಅದನ್ನು ಮರೆತು ಬೇರೆ ಸುದ್ದಿ ಹಿಡಿದಿದ್ದರು. ಹೊಸ ಲಕೋಟೆ ಕೇಳಿದ್ದು ಒಂದೇ ಪ್ರಶ್ನೆ: ಇಲ್ಲಿಗೆ ಬಂದ ಮೇಲೆ ನೀವು ಎಲ್ಲಿ ವಾಸ ಮಾಡುತ್ತೀರಿ? ಮೂರು ದಾರಿ ಕೊಟ್ಟಿದ್ದರು. ಬಂಧುಗಳಿದ್ದರೆ ಅವರ ಮನೆ. ಇಲ್ಲವಾದರೆ ಒಬ್ಬ ಒಂಟಿ ಮುದುಕಿಯ ಮನೆಯ ಮಹಡಿಯಲ್ಲಿ ಬಾಡಿಗೆಗೊಂದು ಕೋಣೆ, ಎರಡು ಹೊತ್ತಿನ ಊಟ ಅವಳದೇ. ಅದೂ ಬೇಡವಾದರೆ ವಿಶ್ವವಿದ್ಯಾಲಯದ ಹಾಸ್ಟೆಲ್. ಅಲ್ಲಿ ಒಬ್ಬರಿಗೆ ಒಂದು ಕೋಣೆ, ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ. ಒಂದು ಕಿಟಕಿ, ಒಂದು ಮೇಜು, ಒಂದು ಬೀಗದ ಕೈ. ಕೂಡಲೇ ಆರಿಸಿ ತಿಳಿಸಿ.

ಆರಿಸಿ. ಆ ಮಾತನ್ನು ಅವಳು ಮಾನ್ವಿ ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಓದಿದಳು. ಅವಳ ಮನೆತನದಲ್ಲಿ ಎಲ್ಲಿರಬೇಕೆಂದು ಆರಿಸಿದವರೇ ಇಲ್ಲ. ಗಂಡಸರು ಹುಟ್ಟಿದಲ್ಲಿ ಇದ್ದರು, ಹೆಂಗಸರು ಕೊಟ್ಟಲ್ಲಿ ಇದ್ದರು, ಎತ್ತುಗಳು ಕಟ್ಟಿದಲ್ಲಿ ಇದ್ದವು. ಅವಳ ಎದೆ ಬಸ್ಸಿನ ಕಿಟಕಿಯ ಗಾಜಿನಂತೆ ಗಡಗಡ ಸದ್ದು ಮಾಡತೊಡಗಿತು. ಒಬ್ಬಳೇ ನಕ್ಕಳು. ಮಗ್ಗುಲಲ್ಲಿ ಬದನೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ತಿರುಗಿ ನೋಡಿದಳು.

"ಲಗ್ನ ಗೊತ್ತಾತೇನು ಯವ್ವಾ?"

"ಇಲ್ರಿ, ಕೋಣಿ."

"ಕೋಣಿ ಗೊತ್ತಾತಾ?" ಹೆಂಗಸು ಬುಟ್ಟಿಯನ್ನು ತನ್ನ ಕಡೆಗೆ ಸ್ವಲ್ಪ ಸರಿಸಿಕೊಂಡಳು.

ಜೈಬುಗೆ ಯಾವುದು ಬೇಕೆಂದು ಯೋಚಿಸುವ ಅಗತ್ಯವೇ ಇರಲಿಲ್ಲ. ರಾಯಚೂರಿನ ಲೈಬ್ರರಿಯಲ್ಲಿ ಬೇರೆ ಬೇರೆ ದೇಶಗಳಿಂದ ಕನ್ನಡಕ್ಕೆ ಬಂದ ಕಾದಂಬರಿಗಳ ಒಂದು ಕಪಾಟಿತ್ತು, ಅದನ್ನು ಅವಳು ಮೇಲಿನಿಂದ ಕೆಳಗಿನವರೆಗೆ ಓದಿ ಮುಗಿಸಿದ್ದಳು. ಆ ಪುಸ್ತಕಗಳಲ್ಲಿ ಬಾಡಿಗೆ ಕೋಣೆಯಿಲ್ಲದೆ ಯಾರೂ ಏನನ್ನೂ ಯೋಚಿಸುತ್ತಿರಲಿಲ್ಲ. ಮಂಚದ ಮೇಲೆ ಬೂಟು ಕಳಚದೆ ಬಿದ್ದುಕೊಂಡು, ಚಾವಣಿ ನೋಡುತ್ತ, ದೇವರು ಇದ್ದಾನೋ ಇಲ್ಲವೋ ಎಂದು ಮೂರು ಪುಟ ಯೋಚಿಸುತ್ತಿದ್ದರು. ನಡುವೆ ಬಂದು "ಅಕ್ಕಿ ಆರಿಸಿದೇನು?" ಎಂದು ಯಾರೂ ಕೇಳುತ್ತಿರಲಿಲ್ಲ. ಜೈಬು ದೇವರ ಬಗ್ಗೆ ಅಲ್ಲದಿದ್ದರೂ ಯಾವುದಾದರೊಂದರ ಬಗ್ಗೆ ಮೂರು ಪುಟ ಯೋಚಿಸಿ ನೋಡಬೇಕೆಂದಿದ್ದಳು. ಅದಕ್ಕೆ ಒಂದು ಬಾಗಿಲು ಬೇಕಿತ್ತು, ಒಳಗಿನಿಂದ ಹಾಕಿಕೊಳ್ಳುವಂಥದು.

ಮಾನ್ವಿಯ ಮನೆ ತಲುಪಿದವಳೇ ಅಂಗಳದಲ್ಲಿ ನಿಂತು ಹೇಳಿಬಿಟ್ಟಳು, "ನಾನು ಹಾಸ್ಟೆಲ್ಲಿನಾಗ ಇರ್ತೀನಿ. ಒಬ್ಬಾಕೀನ."

ಆ ಮನೆಯಲ್ಲಿ ಒಳಗೆ ದಖನಿ, ಹೊಸ್ತಿಲು ದಾಟಿದರೆ ಕನ್ನಡ. ಅಂಗಳದಲ್ಲಿ ಎರಡೂ ಕಲಸಿ ನಡೆಯುತ್ತಿದ್ದವು. ಜಗಳ ಮಾತ್ರ ಪೂರಾ ಕನ್ನಡದಲ್ಲಿ, ಯಾಕೆಂದರೆ ನೆರೆಯವರಿಗೂ ತಿಳಿಯಬೇಕು.

"ನಕ್ಕೋ," ಎಂದು ಅಮ್ಮ ಗುಲ್ಶನ್ ಬೇಗಂ ಅಡುಗೆಮನೆಯಿಂದಲೇ ಮೊದಲು ದಖನಿಯಲ್ಲಿ ಬೇಡವೆಂದಳು, ಆಮೇಲೆ ಹೊರಗೆ ಬಂದು ಕನ್ನಡ ಹಿಡಿದಳು. "ಬುರ್ಹಾನುದ್ದೀನ್ ಮಾಮು ಅಲ್ಲೇ ಬ್ರಾಡ್‌ಫರ್ಡಿನಾಗ ಇರಬೇಕಾದ್ರ ಹಾಸ್ಟೆಲ್ ಯಾಕ? ಅರ್ಧ ತಾಸಿನ ದಾರಿ ಅಂತ. ಖುದ್ದ ಹೇಳಿ ಕಳಿಸ್ಯಾನ, ನನ್ನ ಐದು ಹೆಣ್ಣುಮಕ್ಕಳ ಜೋಡಿ ಮ್ಯಾಲಿನ ಕೋಣ್ಯಾಗ ಮಲಗಲಿ ಅಂತ."

"ಐದಾ?" ಜೈಬು ಅಲ್ಲೇ ಕುಸಿದು ಕೂತಳು. ಸಮುದ್ರ ದಾಟಿ ಹೋದರೂ ಆ ಸಾಲು ತನಗಾಗಿ ಅಲ್ಲಿ ಮಲಗಿ ಕಾಯುತ್ತಿತ್ತು.

ಬುರ್ಹಾನುದ್ದೀನ್ ಅಮ್ಮನ ದೊಡ್ಡಪ್ಪನ ಮಗ. ಹತ್ತೊಂಬತ್ತು ವರ್ಷದ ಹಿಂದೆ ಉಣ್ಣೆಯ ಮಿಲ್ಲಿನ ಕೆಲಸಕ್ಕೆಂದು ಹೋದವನು. ದಾದಿ ಬಡೇಬೀಗೆ ಅವನನ್ನು ಕಂಡರೆ ಆಗದು. ಗುಲ್ಶನ್ ಮದುವೆಯಲ್ಲಿ ಅವನು ಗಂಡಿನ ಕಡೆಯವರಿಗಿಂತ ಮೊದಲೇ ಊಟಕ್ಕೆ ಕೂತಿದ್ದ. ಹಾಗಾಗಿ ದಾದಿ ಮುದುಕಿಯ ಮನೆಯ ಪಕ್ಷ.

"ಆ ಮುದುಕಿ ಚಲೋ. ಗಂಡ ಸತ್ತಾನ, ಮಕ್ಕಳಿಲ್ಲ. ರಾತ್ರಿ ಈಕಿ ಬಾಜೂಕ ಮಲಗ್ತಾಳ."

"ದಾದಿ, ಮನಿ ಮಾಲಕಿ ಬಾಜೂಕ ಮಲಗಂಗಿಲ್ಲ."

"ಮತ್ತ ಬಾಡಿಗಿ ಯಾತರದ್ದು ತಗೋತಾಳ?"

"ಕೋಣೀದು."

"ಬರೇ ಕೋಣೀದು," ಎಂದು ದಾದಿ ಆ ದೇಶದ ವ್ಯಾಪಾರದ ಬಗ್ಗೆ ಅಲ್ಲಿಗೇ ಒಂದು ತೀರ್ಮಾನಕ್ಕೆ ಬಂದಳು. "ಒಬ್ಬಾಕೀನ ಮಲಗಿದ್ರ ಮುಂಜಾನಿ ಎದ್ದು ಕನಸು ಯಾರ ಮುಂದ ಹೇಳ್ತೀ?"

ಅಣ್ಣ ಜಿಲಾನಿ ಪಾಷಾ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟವನು. ಸಂಜೆ ಬಂದು, ವಿಷಯ ಕೇಳಿ, ಮಾಮುವಿನ ಮನೆ ಎಂದು ಗುಡುಗಿದ. ಮಂದಿ ಏನಂತಾರ ಎಂದ. ಯಾವ ಮಂದಿ ಭಯ್ಯಾ, ಲೀಡ್ಸಿನವರೋ ಮಾನ್ವಿಯವರೋ ಎಂದು ಜೈಬು ಕೇಳಿದ್ದಕ್ಕೆ, "ಎರಡೂ ಕಡೀ ಮಂದಿ ಒಂದೇ ಅದಾರ, ಬಾಯಿ ಅದ ಅಲ್ಲ ಅವರಿಗಿ," ಎಂದ. ಆದರೆ ಅಳತೆಯ ವಿಷಯ ಬಂದಾಗ ಅವನಿಗೆ ಕುತೂಹಲ. ಹನ್ನೆರಡು ಒಂಬತ್ತು ಎಂದರೆ ಎಷ್ಟು? ಮರುದಿನ ಬೆಳಿಗ್ಗೆ ಗೋಡೆಗೆ ಹಚ್ಚಿ ಉಳಿದಿದ್ದ ಸುಣ್ಣದ ಪುಡಿ ತಂದು ಅಂಗಳದಲ್ಲಿ ಗೆರೆ ಎಳೆದೇಬಿಟ್ಟ. ಹಾಸ್ಟೆಲ್ ಕೋಣೆ ಮಾನ್ವಿಗೆ ಬಂದಿಳಿಯಿತು.

ಇಡೀ ಮನೆ ಗೆರೆಯ ಸುತ್ತ ನಿಂತಿತು. ಬಾಗಿಲೆಲ್ಲಿ, ಕಿಟಕಿ ಯಾವ ದಿಕ್ಕಿಗೆ, ಮೇಜು ಗೋಡೆಗೆ ಹತ್ತಿದೆಯೋ ಬಿಟ್ಟಿದೆಯೋ. ಕಿಟಕಿಯ ದಿಕ್ಕನ್ನು ದಾದಿ ಎರಡು ಸಲ ಕೇಳಿದಳು. ಜೈಬು ಒಳಗೆ ಹೋಗಿ ಮೇಜಿನ ಜಾಗದಲ್ಲಿ ಕೂತಳು. ಅರೆಗಳಿಗೆಯಲ್ಲಿ ದಾದಿ ಗೋಡೆಯನ್ನು ತುಳಿದು ನೇರ ಒಳಗೆ ಬಂದಳು.

"ದಾದಿ, ಅದು ಗ್ವಾಡಿ."

"ಇರಲಿ ಬಿಡು, ನಿಂತು ಮಾತಾಡಿ ಹೋಗ್ತೀನಿ."

ದಾದಿಯ ಹಿಂದೆ ಕೋಳಿ ಬಂತು, ಕೋಳಿಯ ಹಿಂದೆ ಅದರ ಮರಿಗಳು, ಅವನ್ನು ಓಡಿಸಲು ಜಿಲಾನಿ, ಜಿಲಾನಿಯನ್ನು ಬೈಯಲು ಅಮ್ಮ. ಗೋಡೆಗಳೆಲ್ಲ ಕಾಲಿಗೆ ಅಂಟಿಕೊಂಡು ಅಡುಗೆಮನೆಗೆ ಹೋದವು. ಮಧ್ಯಾಹ್ನದ ಹೊತ್ತಿಗೆ ಜಿಲಾನಿ ಮತ್ತೆ ಗೆರೆ ಎಳೆಯಬೇಕಾಯಿತು. ಯಾಕೆ ಎಳೆಯುತ್ತಿದ್ದಾನೆಂದು ಅವನನ್ನು ಕೇಳುವವರಿರಲಿಲ್ಲ.

ಸಂಜೆ ಜೈಬು ಮಾಳಿಗೆಯ ಮೇಲಿನಿಂದ ಒಣಗಿದ ಬಟ್ಟೆ ತೆಗೆಯುವಾಗ ಕೆಳಗೆ ನೋಡಿದಳು. ಅಮ್ಮ ಸುಣ್ಣದ ಕೋಣೆಯ ನಡುವೆ ಕೊಡ ಹಿಡಿದು ನಿಂತಿದ್ದಳು. ಕೊಡ ತುಂಬಿತ್ತು, ಅದನ್ನು ಎಲ್ಲಿಗೂ ಒಯ್ಯುತ್ತಿರಲಿಲ್ಲ. ಒಂದು ಕೋಳಿ ಗೆರೆಯ ಹತ್ತಿರ ಬಂದಿತು. ಅಮ್ಮ ಅದನ್ನು ಕಾಲಿನಿಂದ ಮೆಲ್ಲಗೆ ಆಚೆ ಸರಿಸಿದಳು. ಇಷ್ಟು ಸಣ್ಣ ಜಾಗ ಎಂದು ಬೈಯಲು ಅಳತೆ ನೋಡುತ್ತಿದ್ದಾಳೆ ಎಂದುಕೊಂಡು ಜೈಬು ಬಟ್ಟೆ ಮಡಚಿದಳು. ರಾತ್ರಿ ಊಟಕ್ಕೆ ಕೂತಾಗ ಅಮ್ಮ ನಿಜಕ್ಕೂ ಬೈದಳು. ಅಷ್ಟು ಸಣ್ಣ ಜಾಗದಾಗ ಹೆಣ್ಣುಮಗಳು ಒಬ್ಬಾಕೀನ ಹುಚ್ಚಿ ಆಗ್ತಾಳ, ಮಾಮುನ ಮನೀನ ಖರೆ ಎಂದಳು.

ಉತ್ತರ ಸೋಮವಾರದ ಟಪಾಲಿಗೆ ಬೀಳದಿದ್ದರೆ ಹಾಸ್ಟೆಲ್ ಕೋಣೆ ಬೇರೆಯವರ ಪಾಲು. ಶನಿವಾರ ಬೆಳಿಗ್ಗೆ ಜೈಬು ಬಸ್ ಹತ್ತಿ ದೇವದುರ್ಗಕ್ಕೆ ಹೋದಳು. ಅವಳ ಅಪ್ಪ, ಅಬ್ಬಾ, ಅಲ್ಲಿ ದನದ ಸಂತೆಯಲ್ಲಿದ್ದ. ಮನೆಯಲ್ಲಿ ಅವನನ್ನು ಒಬ್ಬನನ್ನೇ ಹಿಡಿಯುವುದು ಸಾಧ್ಯವಿರಲಿಲ್ಲ. ಸಂತೆಯಲ್ಲಿ ಸಾವಿರ ಜನರ ನಡುವೆಯಾದರೂ ಹಿಡಿಯಬಹುದು ಎನ್ನುವುದು ಅವಳ ಲೆಕ್ಕ.

ಬುರ್ಖಾದ ಅಂಚನ್ನು ಸಗಣಿಯಿಂದ ಮೇಲೆತ್ತಿಕೊಂಡು, ಕೊಂಬುಗಳ ನಡುವೆ ನುಸುಳಿ, ಹಗ್ಗ ಗೆಜ್ಜೆ ಮಾರುವವರ ಸಾಲು ದಾಟಿದಳು. ಒಂದು ಬಿಳಿ ಎತ್ತಿನ ಪಕ್ಕ ಅಬ್ಬಾ ಅಲ್ಲಾಬಕ್ಷ ನಿಂತಿದ್ದ. ಅವನ ಎದುರು ಅರಕೇರಾದ ಪರಮಣ್ಣ, ಕುರಿ ಮತ್ತು ಹೊಲ ಎರಡನ್ನೂ ನೋಡಿಕೊಂಡಿರುವ ಮನುಷ್ಯ, ಅಬ್ಬಾನ ಹಳೆಯ ಗೆಳೆಯ. ಇಬ್ಬರ ಬಲಗೈಗಳು ಅಬ್ಬಾನ ಟವಲಿನ ಕೆಳಗೆ ಸೇರಿದ್ದವು, ಯಾರಿಗೂ ಕಾಣದಂತೆ ಬೆರಳು ಹಿಡಿದು ದರ ಹೇಳುವುದು ಸಂತೆಯ ರೂಢಿ. ಪರಮಣ್ಣ ಬಾಯಲ್ಲಿ ಎತ್ತಿನ ಅಜ್ಜ ಮುತ್ತಜ್ಜರನ್ನೆಲ್ಲ ಎಳೆದು ತರುತ್ತಿದ್ದ.

"ಇದು ಎತ್ತ? ಇದರ ಕಾಲು ನೋಡ್ರಿ ಮಂದಿ, ಕೂಡೋ ಮಣಿ ಕಾಲು ಇದ್ದಂಗ ಅದಾವ. ಪುಕ್ಸಟೆ ಕೊಟ್ರೂ ಒಯ್ಯಂಗಿಲ್ಲ ನಾನು."

ಸುತ್ತ ನಿಂತವರು ನಕ್ಕರು. ಮಾರುವವನು ಮುಖ ಊದಿಸಿಕೊಂಡ. ಟವಲು ಸ್ವಲ್ಪ ಅಲುಗಿತು. ಅಬ್ಬಾ ಕೈ ತೆಗೆದು, ಮಾರುವವನ ಕೈಯನ್ನು ಟವಲಿನ ಕೆಳಗೆ ಒಯ್ದು, ಒಂದು ಉಸಿರಿನಷ್ಟು ಹೊತ್ತು ಹಿಡಿದು, "ಮುಗೀತು," ಎಂದ. ಪರಮಣ್ಣ ಇನ್ನೂ ಬೈಯುತ್ತಲೇ ಎತ್ತಿನ ಹಗ್ಗ ಬಿಚ್ಚಿಕೊಂಡ.

"ಪುಕ್ಸಟೆ ಕೊಟ್ರೂ ಬ್ಯಾಡ ಅಂದ ಕಾಕಾ, ಮತ್ತ ತಗೊಂಡ್ನಲ್ಲ," ಎಂದಳು ಜೈಬು.

ಅಬ್ಬಾಗೆ ಮಗಳು ಅಲ್ಲಿಗೆ ಬಂದದ್ದು ಆಶ್ಚರ್ಯವೆನಿಸಲಿಲ್ಲ, ಅಥವಾ ಅನಿಸಿದ್ದನ್ನು ಮುಖಕ್ಕೆ ತರಲಿಲ್ಲ. ಅವನ ಮುಖ ಕಸುಬಿನಿಂದ ಹಾಗೇ ಆಗಿತ್ತು. "ಬಾಯಿಲೆ ಅಂದಿದ್ದು ಸುತ್ತ ನಿಂತವರ ಸಲುವಾಗಿ. ಅವರ ಮುಂದ ಈ ಎತ್ತು ಚಲೋ ಅದ ಅಂದ್ರ ಮುಂದಿನ ಸಂತ್ಯಾಗ ಪರಮಣ್ಣಗ ಯಾರು ಕಡಿಮಿಗಿ ಕೊಡ್ತಾರ? ಖರೆ ಬೇಕಾದದ್ದು ಬೆರಳಿಲೆ ಹೇಳ್ಯಾನ."

"ಏನು ಹೇಳಿದ?"

"ಅದು ಅವನಿಗಿ ನನಗಿ ಗೊತ್ತು. ಹೊರಗ ಹೇಳಿದ್ರ ನಾಳಿಂದ ನನ್ನ ಟವಲಿನಾಗ ಯಾರೂ ಕೈ ಇಡಂಗಿಲ್ಲ."

ಜೈಬು ತನ್ನ ಕೋಣೆಯ ವಿಷಯ ತೆಗೆದಳು. ಎಲ್ಲರೂ ಅವರವರ ಮಾತು ಹೇಳುತ್ತಾರೆ, ನೀನು ಮಾತ್ರ ಹೇಳುವುದಿಲ್ಲ, ನೀನು ಹೂಂ ಅಂದರೆ ಮುಗಿಯಿತು ಎಂದಳು. ಅಬ್ಬಾ ಅವಳಿಗೊಂದು ಸೋಡಾ ಕೊಡಿಸಿದ. "ನಾನು ದಲ್ಲಾಲಿ ಬೇಟಿ. ದಲ್ಲಾಲಿ ತನ್ನ ದರ ಹೇಳಬಾರದು," ಎಂದ. ಸೋಡಾ ಮುಗಿಯುವವರೆಗೆ ಟವಲನ್ನು ಮಡಚಿದ, ಬಿಚ್ಚಿದ, ಮಡಚಿದ. ಆಮೇಲೆ, "ನಾಳಿ ಊಟ ಆದ ಮ್ಯಾಲೆ ಎಲ್ಲಾರೂ ಅಂಗಳದಾಗ ಕೂಡ್ರಿ," ಎಂದಷ್ಟೇ ಹೇಳಿದ.

ಭಾನುವಾರ ಪರಮಣ್ಣನೂ ಬಂದಿದ್ದ. ಅವನ ಬಿಳಿ ಎತ್ತಿಗೆ ಜೋಡಿ ಕುರ್ಡಿಯಲ್ಲಿದೆ ಎಂದು ಅಬ್ಬಾ ಹೇಳಿದ್ದನಂತೆ, ನೋಡಿ ಬರುವ ದಾರಿಯಲ್ಲಿ ಊಟಕ್ಕೆ ಇಳಿದಿದ್ದ. ಅಂಗಳದ ಸುಣ್ಣದ ಗೆರೆ ನೋಡಿ ಒಳಗೆ ಕಾಲಿಡುವ ಮುನ್ನ ಚಪ್ಪಲಿ ಕಳಚಿದ.

"ಇದೇನು ಭಾಯಿ, ಕುರಿ ದೊಡ್ಡಿಗಿ ಗುರುತು ಹಾಕೀರಿ? ಇಪ್ಪತ್ತು ಕುರಿ ಆರಾಮ ಹಿಡೀತಾವ."

"ನಾನೊಬ್ಬಾಕಿ ಹಿಡೀತೀನಿ ಕಾಕಾ," ಎಂದಳು ಜೈಬು.

"ಒಬ್ಬಾಕಿಗಿ ಇಷ್ಟು ಜಾಗ ಏನು ಮಾಡ್ತೀ ಯವ್ವಾ? ತುಂಬಸಾಕ ಆಗಂಗಿಲ್ಲ. ಮಾಮಾನ ಮನಿ ಅದ ಅಂತಲ್ಲ, ಅಲ್ಲಿ ಹೋಗು." ಗುಲ್ಶನ್ ಬೇಗಂ ಅವನ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದಳು.

ಊಟವಾಯಿತು. ಅಬ್ಬಾ ಬೇವಿನ ಮರದ ಕೆಳಗೆ ಕೂತು, ಟವಲು ಕೊಡವಿ, ಬಲಗೈ ಮೇಲೆ ಹಾಸಿಕೊಂಡ. "ಒಬ್ಬೊಬ್ಬರೇ ಬರ್ರಿ. ನನ್ನ ಒಂದು ಬೆರಳು ಹಿಡಿದ್ರ ಬುರ್ಹಾನುದ್ದೀನನ ಮನಿ. ಎರಡು ಹಿಡಿದ್ರ ಮುದುಕೀದು. ಮೂರು ಹಿಡಿದ್ರ ಹಾಸ್ಟೆಲ್ಲು. ಪರಮಣ್ಣ, ನೀನೂ ಬಾ, ಹೊರಗಿನವ ಒಬ್ಬ ಇರಬೇಕು. ಯಾರು ಏನು ಹಿಡಿದ್ರು ಅಂತ ನಾನು ಹೇಳಂಗಿಲ್ಲ, ನೀವು ಕೇಳಬಾರದು. ಹೆಚ್ಚು ಮಂದಿ ಹಿಡಿದದ್ದು ಆತು."

"ನಾವೇನು ಎತ್ತ?" ಎಂದಳು ಅಮ್ಮ.

"ಎತ್ತಿನ ಕೈ ಟವಲಿನಾಗ ಹಿಡಿಯಂಗಿಲ್ಲ ಗುಲ್ಶನ್. ಬಾ."

ಅಮ್ಮ ಬಂದಳು. ಕೈ ಟವಲಿನ ಕೆಳಗೆ ಹೋಯಿತು, ಬಾಯಿ ಮೇಲೆ ಉಳಿಯಿತು. "ಎಲ್ಲಾರೂ ಕೇಳ್ರಿ, ನಾನು ಮೊದಲಿಂದ ಹೇಳೀನಿ, ಈಗೂ ಹೇಳ್ತೀನಿ, ಮಾಮುನ ಮನಿ ಬಿಟ್ಟು ಬ್ಯಾರೆ ಕಡೀಗಿ ನನ್ನ ಮಗಳು ಹೋಗಂಗಿಲ್ಲ," ಎಂದು ನೆರೆಯ ಗೋಡೆಗೆ ಕೇಳುವಂತೆ ಹೇಳಿ ಕೈ ತೆಗೆದಳು. ಅಬ್ಬಾನ ಮುಖ ಸಂತೆಯ ಮುಖವಾಗಿತ್ತು.

ದಾದಿ ಕೂತಲ್ಲಿಂದ ಏಳಲಿಲ್ಲ. ಅಬ್ಬಾನೇ ಅವಳ ಹತ್ತಿರ ಸರಿದ. "ಮುದುಕಿಗಿ ಮುದುಕಿ ಬೇಕು," ಎನ್ನುತ್ತ ದಾದಿ ಕೈ ಒಳಗಿಟ್ಟಳು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ. "ಅಮ್ಮಾ, ಹಿಡಿದಾತು, ಬಿಡು," ಎಂದ ಅಬ್ಬಾ. "ತಡಿಯೋ, ಎಂಬತ್ತು ವರ್ಷದಾಗ ಯಾರೂ ನನ್ನ ಕೇಳಿದ್ದಿಲ್ಲ, ಚೂರು ಹಿಡಕೊಂಡು ಕೂಡ್ತೀನಿ," ಎಂದಳು ದಾದಿ. ಪರಮಣ್ಣ ಎಷ್ಟು ನಕ್ಕನೆಂದರೆ ಅವನ ರುಮಾಲು ಒಂದು ಸುತ್ತು ಬಿಚ್ಚಿತು.

ಜಿಲಾನಿ ಬಂದ, ಮಂದಿ ಮಂದಿ ಎನ್ನುತ್ತ ಹಿಡಿದ, ಹೋದ. "ಮುಂದ?" ಎಂದ ಅಬ್ಬಾ.

ಜೈಬು ಎದ್ದಳು. ಅವಳ ಮಾತು ತಯಾರಿತ್ತು. ಮಾಳಿಗೆಯ ಮೇಲೆ ಎರಡು ಸಲ ಹೇಳಿಕೊಂಡು ಬಂದಿದ್ದಳು. "ನನ್ನ ಓದು, ನನ್ನ ವರ್ಷ, ನನ್ನ ಕೋಣಿ," ಎಂದು ಆರಂಭಿಸಿ, ಕಿಟಕಿಯ ಬಗ್ಗೆ, ಮೇಜಿನ ಬಗ್ಗೆ, ಮನುಷ್ಯನಾದವನು ಒಮ್ಮೆಯಾದರೂ ತನ್ನ ಜೊತೆ ತಾನಿರಬೇಕಾದ ಅಗತ್ಯದ ಬಗ್ಗೆ ಹೇಳುತ್ತ ಕೈಯನ್ನು ಟವಲಿನ ಕೆಳಗೆ ತೂರಿಸಿದಳು.

ಅಲ್ಲಿ ಕತ್ತಲಿತ್ತು. ಬೆಚ್ಚಗಿತ್ತು. ಹಗ್ಗ ಎಳೆದೆಳೆದು ದಡ್ಡುಗಟ್ಟಿದ ಅಬ್ಬಾನ ಬೆರಳುಗಳು ಸುಮ್ಮನೆ ಚಾಚಿಕೊಂಡಿದ್ದವು. ಅವಳ ಬಾಯಿ ಮೇಲೆ ಭಾಷಣ ಮಾಡುತ್ತಿತ್ತು, ಕೆಳಗೆ ಅವಳ ಕೈಗೆ ಇದ್ದಕ್ಕಿದ್ದಂತೆ ಲೀಡ್ಸ್ ಕಂಡಿತು. ಹನ್ನೆರಡು ಅಡಿ, ಒಂಬತ್ತು ಅಡಿ. ಬೀಗ ಹಾಕಿದ ಬಾಗಿಲು. ಆಚೆ ಕಡೆ ಯಾರೂ ಇಲ್ಲ. ಕೆಮ್ಮು ಇಲ್ಲ, ಬಳೆಯ ಸದ್ದಿಲ್ಲ, ಅಕ್ಕಿ ಆರಿಸಿದೆಯಾ ಎನ್ನುವ ದನಿಯಿಲ್ಲ. ಆ ಕಾದಂಬರಿಗಳವರೆಲ್ಲ ಮೂರು ಪುಟ ಯೋಚಿಸಿ ನಾಲ್ಕನೆಯ ಪುಟದಲ್ಲಿ ತಮ್ಮ ಜೀವಕ್ಕೆ ಏನು ಮಾಡಿಕೊಂಡರು ಎಂಬುದು ಆಗ ನೆನಪಾಯಿತು. ಅವಳ ಕೈ ಹೋಗಿ ಅಬ್ಬಾನ ಒಂದೇ ಒಂದು ಬೆರಳನ್ನು ಹಿಡಿದುಕೊಂಡಿತು.

ಬಾಯಿ ಹೇಳುತ್ತಲೇ ಇತ್ತು. "ಹಾಸ್ಟೆಲ್ ಬಿಟ್ಟು ಬ್ಯಾರೆ ಮಾತೇ ಇಲ್ಲ."

ಅಬ್ಬಾ ಅವಳ ಕೈಯನ್ನು ಒಮ್ಮೆ ಒತ್ತಿದ. ಮಾರುವವನು ತೀರಾ ಕಡಿಮೆಗೆ ಒಪ್ಪಿದಾಗ ದಲ್ಲಾಲಿ ಹಾಗೆ ಒತ್ತುತ್ತಾನೆ: ಇದೇ ಕಡೇ ಮಾತೇನು? ಕೈ ಸಡಿಲಿಸಬೇಕು, ಇನ್ನೆರಡು ಬೆರಳು ಸೇರಿಸಬೇಕು ಎಂದು ಅವಳಿಗೆ ತಿಳಿಯಿತು. ಕೈಗೆ ತಿಳಿಯಲಿಲ್ಲ. ಅದು ಇನ್ನೂ ಗಟ್ಟಿಯಾಗಿ ಹಿಡಿಯಿತು. ಅಬ್ಬಾ ಮೆಲ್ಲಗೆ ಬೆರಳು ಬಿಡಿಸಿಕೊಂಡ.

ಅವಳು ಬಂದು ತನ್ನ ಜಾಗದಲ್ಲಿ ಕೂತಳು. ಅಮ್ಮನದು ಮಾಮು, ಜಿಲಾನಿಯದು ಮಾಮು, ಅಮ್ಮನ ಮಾಂಸದ ಸಾರು ಉಂಡ ಪರಮಣ್ಣ ಕಾಕಾನದೂ ಅದೇ, ಈಗ ತನ್ನದೂ ಅದೇ. ಇಷ್ಟು ವರ್ಷ ಬೇಕೆಂದ ಬಾಗಿಲನ್ನು ತಾನೇ ಮುಚ್ಚಿ ಬಂದಿದ್ದಳು, ಅದೂ ಹೊರಗಿನಿಂದ. ಅಬ್ಬಾ, ನಿಲ್ಲು, ನನ್ನದು ಇನ್ನೊಮ್ಮೆ ಎನ್ನಬೇಕೆಂದುಕೊಂಡಳು. ಎಂದರೆ ಮೊದಲು ಏನು ಹಿಡಿದಿದ್ದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅಷ್ಟರಲ್ಲಿ ಪರಮಣ್ಣ ರುಮಾಲು ಸರಿಮಾಡಿಕೊಂಡು, "ಬಂಧು ಬಳಗ ಬಿಟ್ರ ಏನದ ಜಗತ್ತಿನಾಗ," ಎನ್ನುತ್ತ ಕೈಯಿಟ್ಟು ತೆಗೆದೂ ಆಗಿತ್ತು.

ಅಬ್ಬಾ ಟವಲನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡ.

"ಹಾಸ್ಟೆಲ್ಲು."

ಬೇವಿನ ಮರದಲ್ಲಿ ಕಾಗೆಯೊಂದು ಕೂತು ಎಲ್ಲರನ್ನೂ ನೋಡಿತು.

"ಒಬ್ಬರನ್ನ ಬಿಟ್ಟು ಎಲ್ಲಾರೂ ಮೂರು ಬೆರಳು ಹಿಡಿದಾರ," ಎಂದ ಅಬ್ಬಾ. "ಚಾ ಮಾಡ್ರಿ ಯಾರಾರ."

ಆಗ ಶುರುವಾಯಿತು. ಒಬ್ಬರು ಯಾರು? ಅಮ್ಮ ಸರ್ರನೆ ದಾದಿಯ ಕಡೆ ತಿರುಗಿದಳು. "ಅಮ್ಮಾಜಾನ್, ನೀವೇ. ಆ ಮುದುಕಿ ಬಾಜೂಕ ಮಲಗಿಸೋ ಹಟ ಬಿಡಲಿಲ್ಲ ನೀವು."

"ನಾನ್ಯಾಕ ಹಿಡೀಲಿ? ನಿನ್ನ ಮಗ ನೋಡು, ಮಂದಿ ಮಂದಿ ಅಂತ ಬಡಕೊಳ್ಳಾಂವ ಅವನು."

"ನಾನಲ್ಲ ದಾದಿ, ಖುದಾನ ಕಸಂ," ಎಂದ ಜಿಲಾನಿ, ಮತ್ತು ಎಂದ ಮೇಲೆ ತಾನು ಏನು ಒಪ್ಪಿಕೊಂಡೆ ಎಂದು ತಿಳಿದು ಕೆಂಪಾದ. "ಪರಮಣ್ಣ ಕಾಕಾ ಹಿಡಿದಿರಬೇಕು. ಬಂಧು ಬಳಗ ಅಂದ."

"ಲೇ, ಅದು ಬಾಯಿ ಮಾತು. ನಾನು ಸಂತಿ ಮನುಷ್ಯ ಇದ್ದೀನಿ, ಬಾಯಿಲೆ ಅಂದದ್ದು ಬೆರಳಿಲೆ ಎಂದಾರ ಹಿಡಿದೀನೇನು? ಗುಲ್ಶನವ್ವನ್ನ ಕೇಳು, ಆಕಿ ಅಣ್ಣನ ಮನಿ."

"ನಾನಾ?" ಎಂದಳು ಅಮ್ಮ. ಅವಳ ದನಿ ಎಷ್ಟು ನೊಂದಿತ್ತೆಂದರೆ ಅದು ಸುಳ್ಳಾಗಿರಲು ಸಾಧ್ಯವಿರಲಿಲ್ಲ. ಹೇಳಿದ್ದೇ ಸೆರಗನ್ನು ಬಾಯಿಗೊತ್ತಿಕೊಂಡಳು.

ಜೈಬು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಅವಳ ಕಡೆ ತಿರುಗಲೇ ಇಲ್ಲ. ನಾಲ್ಕು ಜನ ಸುತ್ತು ಹಾಕಿಕೊಂಡು ಒಬ್ಬರ ಬೆರಳನ್ನು ಇನ್ನೊಬ್ಬರು ಹುಡುಕುತ್ತಿದ್ದರು. ಅವಳು ಮಾತ್ರ ಆ ಹುಡುಕಾಟದ ಹೊರಗಿದ್ದಳು. ಅಮ್ಮ ಮೂರು ಹಿಡಿದಿದ್ದಳು. ಹಿಡಿದ ಕೈ ಬಿಡದ ದಾದಿ ಮೂರು ಹಿಡಿದಿದ್ದಳು. ನಗು ಅವಳ ಹೊಟ್ಟೆಯಲ್ಲಿ ಎಲ್ಲೋ ಹುಟ್ಟಿ, ಬಿಕ್ಕಳಿಕೆಯಾಗಿ ಮೇಲೆ ಬಂತು. ಇನ್ನೊಂದು ಬಂತು. ಆಮೇಲೆ ತಡೆಯಲಾಗಲಿಲ್ಲ.

"ನೋಡ್ರಿ ಹೆಂಗ ನಗ್ತಾಳ, ಗೆದ್ದಾಳ ನೋಡ್ರಿ," ಎಂದ ಜಿಲಾನಿ.

"ಅಬ್ಬಾ," ಎಂದಳು ಜೈಬು ಬಿಕ್ಕಳಿಸುತ್ತ. "ನಾನೊಂದು ಮಾತು..."

"ಟವಲಿನ ಒಳಗಿಂದು ಯಾರೂ ಹೊರಗ ತರಬಾರದು," ಎಂದ ಅಬ್ಬಾ. ಅವಳ ಕಡೆ ನೋಡಲಿಲ್ಲ. "ಸಂತ್ಯಾಗ ಇದೇ ಕಾಯ್ದೆ ಅದ. ಚಾ ಏನಾತು?"

ಚಹಾ ಆಗಲಿಲ್ಲ, ಯಾಕೆಂದರೆ ದಾದಿಗೆ ಹೊಸ ಯೋಚನೆ ಬಂದಿತ್ತು. ಹಾಸ್ಟೆಲ್ ಆಯಿತು ಸರಿ, ಆದರೆ ಈ ಹುಡುಗಿಗೆ ಒಬ್ಬಳೇ ಇರಲು ಬರುತ್ತದೆಯೇ? ಈಜು ಬಾರದವರನ್ನು ನೇರ ಹೊಳೆಗೆ ತಳ್ಳುತ್ತಾರೇನು? ಮೊದಲು ಇಲ್ಲೇ ಕಲಿಯಲಿ. ಸುಣ್ಣದ ಗೆರೆ ಬೇಡ, ಖರೆ ಬಾಗಿಲು, ಖರೆ ಅಗಳಿ. ಇಡೀ ಮನೆಯಲ್ಲಿ ಒಳಗಿನಿಂದ ಅಗಳಿ ಇದ್ದದ್ದು ಎತ್ತಿನ ಹೊಟ್ಟು ತುಂಬುವ ಕೋಣೆಗೆ ಮಾತ್ರ. ಅದು ಯಾಕಿತ್ತೆಂದು ಯಾರಿಗೂ ನೆನಪಿರಲಿಲ್ಲ.

"ಈಗಾ?" ಎಂದಳು ಜೈಬು.

"ಈಗ. ಚಾ ಆಗೋತನಕ."

ಅವಳನ್ನು ಮದುಮಗಳಂತೆ ನಡುವೆ ಹಾಕಿಕೊಂಡು ಹೊಟ್ಟಿನ ಕೋಣೆಯವರೆಗೆ ಕರೆದೊಯ್ದರು. ಅಮ್ಮ ಒಂದು ಚೆಂಬು ನೀರು ಕೊಟ್ಟಳು. ಪರಮಣ್ಣ, "ಹೆದರಿಕಿ ಆದ್ರ ಕೂಗು ಯವ್ವಾ, ಇಲ್ಲೇ ಅದೀವಿ," ಎಂದ. ಬಾಗಿಲು ಮುಚ್ಚಿತು. ಅಗಳಿ ತುಕ್ಕು ಹಿಡಿದಿತ್ತು, ಎರಡೂ ಕೈ ಹಾಕಿ ಸರಿಸಬೇಕಾಯಿತು. ಸರಿಯಿತು.

ಒಳಗೆ ಜೋಳದ ದಂಟಿನ ಸಿಹಿ ಧೂಳು. ಮೇಲಿನ ಗವಾಕ್ಷಿಯಿಂದ ಬಿಸಿಲು ಒಂದು ಕೋಲಿನಂತೆ ಇಳಿದಿತ್ತು. ಅದರೊಳಗೆ ಹೊಟ್ಟಿನ ಚೂರುಗಳು ಯಾರ ಅಪ್ಪಣೆಯೂ ಇಲ್ಲದೆ ಏಳುತ್ತ ಇಳಿಯುತ್ತ ಇದ್ದವು. ಜೈಬು ಹೊಟ್ಟಿನ ರಾಶಿಗೆ ಒರಗಿದಳು. ಬಾಗಿಲಿನ ಆಚೆ ಉಸಿರಾಟ ಕೇಳಿಸಿತು. ಐದೂ ಜನ ಕಿವಿಯಿಟ್ಟು ನಿಂತಿದ್ದರು. "ಏನು ಮಾಡಾಕತ್ತಾಳ?" ಎಂದಿತು ಒಂದು ದನಿ. "ಏನೂ ಇಲ್ಲ." "ಏನೂ ಇಲ್ಲಂದ್ರ?" "ಸುಮ್ನ ಅದಾಳ." "ಸುಮ್ನ ಹೆಂಗ ಇರ್ತಾಳ?" "ಇರ್ತಾಳ, ನೀ ಸುಮ್ನಿರು."

ಆಮೇಲೆ ಆ ದನಿಗಳು ಒಂದೊಂದಾಗಿ ದೂರವಾದವು. ಎತ್ತೊಂದು ಗೊರಸು ಕೆರೆಯಿತು. ಚಹಾದ ಪಾತ್ರೆ ಒಲೆಯ ಮೇಲೆ ಕೂತ ಸದ್ದಾಯಿತು. ಜೈಬು ಕಾಲು ಚಾಚಿದಳು. ಕಾಲು ಯಾರಿಗೂ ತಾಕಲಿಲ್ಲ. ಇನ್ನೂ ಚಾಚಿದಳು, ಇನ್ನೂ ತಾಕಲಿಲ್ಲ. ಕೈ ಎರಡೂ ಕಡೆ ಅಗಲಿಸಿ ನೋಡಿದಳು. ಎಡಗೈ ಅವಳದೇ, ಬಲಗೈಯೂ ಅವಳದೇ. ಚಾವಣಿ ನೋಡುತ್ತ ಏನಾದರೂ ಯೋಚಿಸಬೇಕೆಂದುಕೊಂಡಳು. ಮೊದಲ ಪುಟಕ್ಕೇ ಒಂದು ದೊಡ್ಡ ಆಕಳಿಕೆ ಬಂತು, ಬಾಯಿಗೆ ಕೈ ಅಡ್ಡ ಹಿಡಿಯದೆ ಆಕಳಿಸಿದಳು. ಭಯ ಎಲ್ಲಿ ಹೋಯಿತೆಂದು ಹೊಟ್ಟಿನ ರಾಶಿಯಲ್ಲಿ ಹುಡುಕುವಂತೆ ಒಮ್ಮೆ ಸುತ್ತ ನೋಡಿದಳು. ಅದು ಇತ್ತು, ಅಲ್ಲೇ ಮೂಲೆಯಲ್ಲಿತ್ತು. ಆದರೆ ಅದಕ್ಕೂ ಬೇಕಾದಷ್ಟು ಜಾಗವಿತ್ತು.

ಬಾಗಿಲು ಬಡಿಯಿತು.

ಆ ಮನೆಯಲ್ಲಿ ಯಾರೂ ಯಾವ ಬಾಗಿಲನ್ನೂ ಬಡಿದವರಲ್ಲ. ಬಾಗಿಲೆಂದರೆ ನೂಕುವುದು. ಜೈಬು ಎದ್ದು ಕೂತಳು, ಕೂದಲಿನಿಂದ ದಂಟು ತೆಗೆದಳು, ಗಂಟಲು ಸರಿಮಾಡಿಕೊಂಡಳು.

"ಯಾರದು?"

ಮೂವತ್ತು ವರ್ಷದಿಂದ ಆ ಮನೆಯಲ್ಲಿರುವವಳಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯೋಚಿಸಿ ಉತ್ತರ ಹೇಳುವಷ್ಟು ಹೊತ್ತು ಕಳೆಯಿತು.

"ನಾನು," ಎಂದಿತು ಅಮ್ಮನ ದನಿ. ಅದು ಸಾಲಲಿಲ್ಲವೆನಿಸಿತೇನೋ. "ಗುಲ್ಶನ್ ಬೇಗಂ."

"ಏನು ಕೆಲಸ ಇತ್ತು?"

"ಚಾ ತಂದೀನ್ರಿ," ಎಂದಳು ಗುಲ್ಶನ್ ಬೇಗಂ. ಹೇಳುವಾಗಲೇ ಅವಳಿಗೆ ನಗು ಒಡೆದು, ಬಸಿಯಲ್ಲಿ ಚಹಾದ ಕಪ್ಪು ಕಟಕಟ ಅಲುಗುವ ಸದ್ದು ಕೇಳಿಸಿತು. "ಒಳಗ ಬರಲೇನು?"

ಜೈಬು ಕೂಡಲೇ ಏಳಲಿಲ್ಲ. ಬಿಸಿಲಿನ ಕೋಲಿನೊಳಗೆ ಕೈ ಹಿಡಿದು, ಬೆರಳುಗಳನ್ನು ಒಮ್ಮೆ ಬಿಡಿಸಿ ಮಡಚಿದಳು.

"ತಡೀರಿ," ಎಂದಳು. "ತಗೀತೀನಿ."